ರೋಸಿಯ ಬಣ್ಣ, ಸೀತಕ್ಕನ ಕಣ್ಣು

ಸೀತಕ್ಕನ ಮನೆಗೆ ಹೋಗುವಾಗ ಮುಖ ತೊಳೆಯದೆ ಹೋದರೂ ನಡೆಯುತ್ತದೆ, ರವಿಕೆ ಮಾತ್ರ ಸೀರೆಗೆ ಹೊಂದಬೇಕು ಎಂದು ಪುತ್ತೂರಿನ ದರ್ಬೆಯಲ್ಲಿ ಅವಳಿದ್ದ ಲೈನ್ ಮನೆಗಳವರು ಹೇಳುತ್ತಿದ್ದರು. ಕೊನೆಯ ಮನೆಯ ದುಗ್ಗಮ್ಮನ ಬಳಿ ಇದಕ್ಕೆ ಸಾಕ್ಷಿಯೂ ಇತ್ತು. ಅವಳ ಗಂಡ ತೀರಿಕೊಂಡ ದಿನ ಸೀತಕ್ಕ ಎಲ್ಲರಂತೆ ಬಂದಳಂತೆ, ಎಲ್ಲರಿಗಿಂತ ಹೆಚ್ಚೇ ಅತ್ತಳಂತೆ, ಅತ್ತು ಮೂಗು ಒರೆಸಿಕೊಂಡ ಮೇಲೆ ದುಗ್ಗಮ್ಮನ ಕಿವಿಯ ಹತ್ತಿರ ಬಾಗಿ, "ಹೊದಿಸಿದ್ದು ಹಾಲು ಬಿಳಿ, ತಲೆಯಡಿಯದ್ದು ಕೆನೆ ಬಿಳಿ. ಯಾರೂ ನೋಡ್ಲೇ ಇಲ್ಲವಾ ದುಗ್ಗಮ್ಮ?" ಎಂದಳಂತೆ.

"ನಾನು ಗಂಡನನ್ನು ನೋಡುದಾ, ದಿಂಬು ನೋಡುದಾ ಮಾರಾಯ್ರೆ?" ಎಂದು ದುಗ್ಗಮ್ಮ ಇದನ್ನು ಎಷ್ಟು ಸಲ ಹೇಳಿದರೂ ನಗುತ್ತಿದ್ದಳು. ಆದರೆ ಅವಳೂ ಮಗಳ ಮದುವೆಯ ಸೀರೆಗೆ ರವಿಕೆ ಕಣ ಬೇಕಾದಾಗ ಓಡಿದ್ದು ಸೀತಕ್ಕನ ಬಳಿಗೇ.

ಯಾಕೆಂದರೆ ಆ ಕಣ್ಣು ಸುಮ್ಮನೆ ಕಣ್ಣಲ್ಲ. ಪುತ್ತೂರು ಪೇಟೆಯಲ್ಲಿ ಗುರುವಪ್ಪ ಧಣಿಗಳ ಮ್ಯಾಚಿಂಗ್ ಸೆಂಟರಿನಲ್ಲಿ ಸೀತಕ್ಕ ನಿಲ್ಲಲು ಸುರುಮಾಡಿದಾಗ ಅವಳಿಗೆ ಇನ್ನೂ ಎರಡು ಜಡೆ. ಇಚಿಲಂಪಾಡಿಯಿಂದ ಬಂದ ಹುಡುಗಿ, ಕಪಾಟಿನಲ್ಲಿ ಛಾವಣಿಯವರೆಗೆ ಪೇರಿಸಿಟ್ಟ ರವಿಕೆ ಕಣಗಳನ್ನು ಕಂಡು ಬಾಯಿ ತೆರೆದು ನಿಂತಿದ್ದಳು. ಕೂದಲು ನರೆಯುವ ಹೊತ್ತಿಗೆ ಅವಳಿಗೆ ಸೀರೆಯನ್ನು ತಂದು ತೋರಿಸುವ ಅಗತ್ಯವೂ ಇರಲಿಲ್ಲ. ಗಿರಾಕಿ ಮೆಟ್ಟಿಲು ಹತ್ತುತ್ತಾ, "ಸೀತಕ್ಕ, ಹೋದ ವರ್ಷ ಯಾರದೋ ಮದುವೆಯಲ್ಲಿ ಉಟ್ಟಿದ್ದೆನಲ್ಲ, ಆ ಸೀರೆಗೆ..." ಎಂದರೆ ಸಾಕು, ಕೈ ಆಗಲೇ ಕಪಾಟಿನಲ್ಲಿ. ಗಿರಾಕಿ ಮನೆಗೆ ಹೋಗಿ ಹಿಡಿದು ನೋಡಿದರೆ ನೂಲು ಹಿಡಿದ ಹಾಗೆ ಹೊಂದುತ್ತಿತ್ತು.

ಇಂಥ ಕಣ್ಣು ಇದ್ದವಳಿಗೆ ಮದುವೆ ಆಗುವುದು ಕಷ್ಟ. ಪಂಜದ ಕಡೆಯಿಂದ ಒಬ್ಬ ವರ ಬಂದಿದ್ದ. ಒಳ್ಳೆಯವನೇ, ಜಮೀನೂ ಇತ್ತು. ತಿಂಡಿ ತಿನ್ನುತ್ತಾ ಅವನು, "ನೀವು ಉಟ್ಟ ನೀಲಿ ಸೀರೆ ಚಂದ ಉಂಟು" ಎಂದ. ಸೀತು ಉಟ್ಟಿದ್ದದ್ದು ನವಿಲುಗರಿಯ ಬಣ್ಣ. ಅದನ್ನು ನೀಲಿ ಎಂದವನು ನಾಳೆ ಇನ್ನೇನನ್ನು ಏನೆನ್ನುವನೋ ಎಂದು ಅವಳು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಅಣ್ಣ ತ್ಯಾಂಪಣ್ಣ, "ನಿನಗೆ ಗಂಡು ಬೇಡ, ಬಣ್ಣದ ಶೇಡ್ ಕಾರ್ಡ್ ಕಟ್ಟಿಕೋ" ಎಂದು ಬೈದ. ಅವಳು ಹೆಚ್ಚುಕಡಿಮೆ ಹಾಗೆಯೇ ಮಾಡಿದಳು.

ಗಂಡ ಮಕ್ಕಳ ಜಾಗದಲ್ಲಿ ಅವಳಿಗೆ ಇದ್ದವಳು ಗೋಡೆಯ ಆಚೆಯ ನೆಬೀಸ. ನೆಬೀಸಳಿಗೂ ಗಂಡ ಇಲ್ಲ, ಮಗಳು ಆಯಿಶತ್ ಶಿಫಾಳನ್ನು ಉಪ್ಪಿನಂಗಡಿಗೆ ಮದುವೆ ಮಾಡಿ ಕೊಟ್ಟಿದ್ದಾಳೆ. ಸೀರೆಗೆ ಫಾಲ್ಸ್ ಹಚ್ಚುವುದು, ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕೆಲಸ. ಅಂಗಡಿಯಿಂದ ಕುಚ್ಚಿನ ಸೀರೆಗಳನ್ನು ತರುವವಳು ಸೀತಕ್ಕ, ನೂಲು ಆರಿಸುವವಳು ಸೀತಕ್ಕ, ಕಟ್ಟುವವಳು ನೆಬೀಸ. ಸಂಜೆ ಇಬ್ಬರೂ ಜಗಲಿಯಲ್ಲಿ ಕೂತು, ಒಬ್ಬಳು ನೂಲಿನ ಉಂಡೆಯನ್ನು ಬೆಳಕಿಗೆ ಹಿಡಿದು "ಇದು ಆಗಬಹುದಾ ನೆಬೀಸಾ?" ಎಂದು ಕೇಳುವುದು, ಇನ್ನೊಬ್ಬಳು ತಲೆ ಎತ್ತದೆ "ನಿಮ್ಮ ಕಣ್ಣಿಗೆ ಆದರೆ ಊರಿಗೆಲ್ಲ ಆಯ್ತಲ್ಲ ಸೀತಕ್ಕ" ಎನ್ನುವುದು. ಕೇಳುವ ಅಗತ್ಯ ಇರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆದರೂ ಒಂದು ಸಂಜೆ ತಪ್ಪಿದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಈ ಇಬ್ಬರ ನಡುವೆ ಬಂದದ್ದು ಒಂದು ಜೇಡ.

ತಂದವಳು ತ್ಯಾಂಪಣ್ಣನ ಮಗಳು ಯಶ್ಮಿತಾ. ಮಂಗಳೂರಿನಲ್ಲಿ ಬಿ.ಎಸ್ಸಿ. ಓದುವ ಹುಡುಗಿ. ಅವಳ ಕ್ಲಾಸಿನ ಯಾರೋ ಟರಾಂಟುಲಾ ಸಾಕುತ್ತಾರಂತೆ, ಮರಿಯೊಂದನ್ನು ಅವಳಿಗೆ ಕೊಟ್ಟರಂತೆ, ಹಾಸ್ಟೆಲಿನ ವಾರ್ಡನ್ ಅದನ್ನು ನೋಡಿ ಕುರ್ಚಿ ಹತ್ತಿದರಂತೆ. "ಸ್ವಲ್ಪ ದಿನ ನಿಮ್ಮಲ್ಲಿ ಇರಲಿ ಅತ್ತೆ, ಸಾಧು ಪ್ರಾಣಿ, ಹೆಸರು ರೋಸಿ" ಎಂದು ಉದ್ದದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮೇಜಿನ ಮೇಲೆ ಇಟ್ಟಳು. ಒಳಗೆ ಒಂದು ಮರದ ತೊಗಟೆ, ಮೇಲ್ಗಡೆ ಬಲೆಯ ಚೀಲ, ಚೀಲದ ಬಾಯಲ್ಲಿ ರೋಮದ ಜೇಡ.

ಬೇರೆ ಯಾರಾದರೂ ಆಗಿದ್ದರೆ ಕಿರುಚುತ್ತಿದ್ದರು. ಸೀತಕ್ಕ ಕನ್ನಡಕ ಹಾಕಿಕೊಂಡಳು.

"ರೋಸ್ ಅಲ್ಲ ಮಗಾ ಇದು. ಆನಿಯನ್ ಪಿಂಕ್. ಈರುಳ್ಳಿಯ ಹೊರಗಿನ ಸಿಪ್ಪೆ ತೆಗೆದ ಮೇಲೆ ಸಿಗ್ತದಲ್ಲ, ಅದು. ಕಾಲಿನ ತುದಿ ಮಾತ್ರ ಕಡುಕಪ್ಪು. ಅಬ್ಬ, ಎಂತ ಬಾರ್ಡರ್!"

ಹೀಗೆ ರೋಸಿ ಆ ಮನೆಯಲ್ಲಿ ಉಳಿದಳು. ಸ್ವಲ್ಪ ದಿನ ಎಂದದ್ದು ಮಳೆಗಾಲ ಬಂದರೂ ಮುಗಿಯಲಿಲ್ಲ. ನೆಬೀಸ ದೂರದಿಂದ ನೋಡಿ ಮೊದಲು ಎದೆ ಹಿಡಿದುಕೊಂಡಳು, ಆಮೇಲೆ ಮೆತ್ತಗಾದಳು. "ನಮ್ಮಲ್ಲಿ ಜೇಡನನ್ನು ಕೊಲ್ಲುದಿಲ್ಲ ಸೀತಕ್ಕ. ಪ್ರವಾದಿ ನೆಬಿಯವರು ಗುಹೆಯಲ್ಲಿ ಅಡಗಿದ್ದಾಗ ಬಾಗಿಲಿಗೆ ಬಲೆ ಕಟ್ಟಿ ಕಾಪಾಡಿದ ಜಾತಿ. ಇರಲಿ, ಆದರೆ ಮುಚ್ಚಳ ಗಟ್ಟಿ ಹಾಕಿ."

ಆಟಿ ತಿಂಗಳು ಕಳೆದ ಮೇಲೆ ತ್ಯಾಂಪಣ್ಣ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ. ಅತ್ತಿಗೆಗೂ ಬೆನ್ನುನೋವು. ಸೀತಕ್ಕ ರಜೆ ಹಾಕಿ ಇಚಿಲಂಪಾಡಿಗೆ ಹೊರಟಳು, ಡಬ್ಬಿಯನ್ನು ನೆಬೀಸಳ ಕೈಗೆ ಕೊಟ್ಟಳು. ವಾರಕ್ಕೆ ಒಂದೆರಡು ಸಣ್ಣ ಜಿರಳೆ, ಸ್ವಲ್ಪ ನೀರು, ಅಷ್ಟೇ. ನೆಬೀಸ ಪ್ರತಿ ಸಲ ದೇವರ ಹೆಸರೆತ್ತಿ ಬಿಸ್ಮಿ ಹೇಳಿ, ಮುಖ ಅತ್ತ ತಿರುಗಿಸಿ, ಮುಚ್ಚಳ ಎತ್ತಿ ಜಿರಳೆ ಹಾಕುತ್ತಿದ್ದಳು.

ಆಮೇಲೆ ನಡೆದದ್ದು ಸೀತಕ್ಕನಿಗೆ ಗೊತ್ತಾಗಲು ಬಹಳ ಕಾಲ ಬೇಕಾಯಿತು. ನಾವು ಈಗಲೇ ತಿಳಿದುಕೊಂಡರೆ ತೊಂದರೆಯಿಲ್ಲ. ಜೇಡ ಬೆಳೆಯಬೇಕಾದರೆ ಹಳೆಯ ಚರ್ಮವನ್ನು ಬಿಚ್ಚಿ ಹಾಕಬೇಕು. ಕಾಲು, ರೋಮ, ಹಲ್ಲು ಸಮೇತ ಇಡೀ ಅಂಗಿ. ಬಿಚ್ಚಿಟ್ಟ ಅಂಗಿ ನೋಡಲು ಸತ್ತು ಬಿದ್ದ ಜೇಡದ ಹಾಗೆಯೇ ಇರುತ್ತದೆ. ರೋಸಿಯ ಜಾತಿಯಲ್ಲಿ ಇನ್ನೊಂದು ವಿಶೇಷ: ಮರಿಯಾಗಿರುವಾಗ ಮೈ ಗುಲಾಬಿ, ಕಾಲ ತುದಿ ಕಪ್ಪು, ದೊಡ್ಡದಾಗುತ್ತಾ ಮೈ ಕಪ್ಪಾಗುತ್ತದೆ, ಕಾಲ ತುದಿ ಗುಲಾಬಿಯಾಗುತ್ತದೆ. ಚೌತಿಯ ಆಚೀಚೆ ಒಂದು ಬೆಳಿಗ್ಗೆ ನೆಬೀಸ ಡಬ್ಬಿಯೊಳಗೆ ನೋಡಿದರೆ ಕೆಳಗೆ ಒಂದು ಜೇಡ ಕಾಲು ಮುದುಡಿ ಸತ್ತು ಬಿದ್ದಿದೆ. ಮೇಲೆ ತೊಗಟೆಯ ಮೇಲೆ ಇನ್ನೊಂದು, ಕಪ್ಪು, ಜೀವಂತ, ಅವಳನ್ನೇ ನೋಡುತ್ತಾ ಕೂತಿದೆ.

ಅವಳ ಲೆಕ್ಕ ಸರಳ. ಹೊರಗಿನಿಂದ ಯಾವುದೋ ಕಾಡುಜೇಡ ಒಳಗೆ ನುಗ್ಗಿದೆ, ರೋಸಿಯನ್ನು ಕೊಂದಿದೆ. ಕೊಲ್ಲಬಾರದ ಪ್ರಾಣಿ, ಅದೂ ತನ್ನ ಕೈಗೆ ನಂಬಿ ಕೊಟ್ಟದ್ದು, ತಾನು ಮುಚ್ಚಳ ಸರಿ ಹಾಕದೆ ಸತ್ತಿದೆ. ನೆಬೀಸ ಇಕ್ಕಳದಲ್ಲಿ ಹೆಣವನ್ನು ಎತ್ತಿ, ರೇಷ್ಮೆ ಬಟ್ಟೆಯ ತುಂಡಿನಲ್ಲಿ ಸುತ್ತಿ, ಅಂಗಳದ ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿದಳು. ಕೊಲೆಗಾರನಿಗೂ ಜಿರಳೆ ಹಾಕಿದಳು, ಅವನೂ ಜೇಡವೇ ತಾನೇ. ಸೀತಕ್ಕ ಬಂದ ಕೂಡಲೇ ಹೇಳಿಬಿಡಬೇಕು ಎಂದು ದಿನವೂ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು.

ನವರಾತ್ರಿಯ ವ್ಯಾಪಾರಕ್ಕೆ ಮೊದಲು ಸೀತಕ್ಕ ಬಂದಳು. ಚೀಲವನ್ನೂ ಇಳಿಸದೆ ನೆಬೀಸಳ ಅಡುಗೆಮನೆಗೆ ನುಗ್ಗಿ ಡಬ್ಬಿ ನೋಡಿದಳು.

"ನೆಬೀಸಾ, ಇದು ಯಾರು?"

"ಯಾರು ಅಂದರೆ... ಸೀತಕ್ಕ, ಮೊದಲು ಕೂತ್ಕೊಳ್ಳಿ. ಒಂದು ಮಾತು ಹೇಳ್ಲಿಕ್ಕುಂಟು."

"ಇದು ರೋಸಿ ಅಲ್ಲ. ಅವಳ ಮೈ ಪಿಂಕ್, ಕಾಲ ತುದಿ ಕಪ್ಪು. ಇದರ ಮೈ ಕಪ್ಪು, ಕಾಲ ತುದಿ ಪಿಂಕ್. ನನ್ನ ಕಣ್ಣಿಗೆ ಮಣ್ಣು ಹಾಕುದಾ?" ಅಷ್ಟರಲ್ಲಿ ಸೀತಕ್ಕನ ತಲೆಗೆ ಒಂದು ಹೊಳೆಯಿತು. ನೆಬೀಸಳ ತಮ್ಮ ಅದ್ದು ಸಂತೆಯಲ್ಲಿ ಲವ್‌ಬರ್ಡ್ಸ್, ಬಣ್ಣದ ಮೀನು ಮಾರುವವನು. "ಅದ್ದು ಬಂದಿದ್ದನಾ ಇಲ್ಲಿಗೆ?"

"ಬಂದಿದ್ದ, ಮೊನ್ನೆ. ಯಾಕೆ?"

"ಹಾಗೆ ಹೇಳು. ಪಿಂಕಿಗೆ ಗಿರಾಕಿ ಸಿಕ್ಕಿರಬೇಕು. ಅದನ್ನು ಮಾರಿ, ಇನ್ನೊಂದನ್ನು ತಂದು ಹಾಕಿದ್ದೀರಿ ಅಕ್ಕ ತಮ್ಮ."

ನೆಬೀಸ ಜೋಡಿಸಿಟ್ಟ ಮಾತೆಲ್ಲ ಅಲ್ಲೇ ಚೆಲ್ಲಿಹೋಯಿತು. ಸತ್ತುಹೋಯಿತು ಎಂದು ಹೇಳಿ ಅಳಲು ಸಿದ್ಧಳಾಗಿದ್ದವಳಿಗೆ ಸಿಕ್ಕಿದ್ದು ಮಾರಿದೆ ಎನ್ನುವ ಮಾತು. ಅವಳು ಡಬ್ಬಿಯನ್ನು ಎತ್ತಿ ಸೀತಕ್ಕನ ಕೈಗೆ ಕೊಟ್ಟು, "ತೆಗೆದುಕೊಂಡು ಹೋಗಿ" ಎಂದಳು. ಅಷ್ಟೇ.

ಸೀತಕ್ಕ ಯಶ್ಮಿತಾಗೆ ಫೋನ್ ಮಾಡಿದಳು. ಆ ಕಡೆಯಿಂದ ಹುಡುಗಿ ಖುಷಿಯಿಂದ ಕೂಗಿದಳು. "ಮೋಲ್ಟ್ ಆಯ್ತಾ ಅತ್ತೆ! ಅದು ಪೊರೆ ಬಿಟ್ಟದ್ದು. ರೋಸಿಯೇ ಅದು."

"ಪೊರೆ ಬಿಡುದು ಹಾವು."

"ಜೇಡನೂ ಬಿಡ್ತದೆ ಅತ್ತೆ. ಇದು ದೊಡ್ಡದಾಗುವಾಗ ಬಣ್ಣ ಉಲ್ಟಾ ಆಗ್ತದೆ."

"ಬಿಸಿಲಿಗೆ ಮಾಸುದುಂಟು. ಒಗೆದರೆ ಬಣ್ಣ ಬಿಡುದುಂಟು. ಅಂಚು ಹೋಗಿ ಮೈ ಆಗುದು, ಮೈ ಹೋಗಿ ಅಂಚಾಗುದು ಎಲ್ಲಿಯಾದರೂ ಉಂಟಾ? ಅದಕ್ಕೆ ಬೇರೆ ಸೀರೆ ಅಂತ ಹೇಳುದು ಮಗಾ."

"ಅತ್ತೇ, ಅದು ಸೀರೆ ಅಲ್ಲ!"

"ಪೊರೆ ಬಿಟ್ಟರೆ ಪೊರೆ ಎಲ್ಲಿ ಹೋಯ್ತು?"

"ಡಬ್ಬಿಯಲ್ಲೇ ಇರ್ತದೆ. ನೆಬೀಸಕ್ಕನನ್ನು ಕೇಳಿ."

ನ್ಯಾಯವಾಗಿ ನಡೆಯಬೇಕೆಂದು ಸೀತಕ್ಕ ಅಂಗಳದಲ್ಲಿ ನಿಂತು ಕೇಳಿಯೇ ಕೇಳಿದಳು: "ಡಬ್ಬಿಯಲ್ಲಿ ಪೊರೆ ಅಂತ ಎಂತಾದರೂ ಇತ್ತಾ?"

ನೆಬೀಸ ಬಟ್ಟೆ ಹಿಂಡುತ್ತಾ, "ಪೊರೆ ಎಂತದೂ ಇರ್ಲಿಲ್ಲ" ಎಂದಳು. ಅವಳು ಸುಳ್ಳು ಹೇಳಲಿಲ್ಲ. ಅವಳು ಕಂಡದ್ದು ಹೆಣ.

ಅಲ್ಲಿಗೆ ತೀರ್ಪು ಬಂತು. ಒಬ್ಬಳು ಜೇಡ ಬದಲಾಗಿದೆ ಎಂದು ನಂಬಿದ್ದಳು, ಇನ್ನೊಬ್ಬಳೂ ಜೇಡ ಬದಲಾಗಿದೆ ಎಂದೇ ನಂಬಿದ್ದಳು. ಇಷ್ಟು ಒಮ್ಮತ ಇದ್ದೂ ಇಬ್ಬರು ಮಾತು ಬಿಟ್ಟದ್ದು ಆ ಲೈನಿನಲ್ಲಿ ಅದೇ ಮೊದಲು.

ಮಾತು ಬಿಟ್ಟ ಮೇಲೆ ಒಂದೇ ಗೋಡೆಯ ಎರಡು ಬದಿಯಲ್ಲಿ ಇರುವುದು ಸುಲಭವಲ್ಲ. ಬಟ್ಟೆ ಒಣಗಿಸುವ ಹಗ್ಗ ಎರಡಾಯಿತು. ನೆಬೀಸ ಕೆಮ್ಮಿದರೆ ಸೀತಕ್ಕನಿಗೆ ಕೇಳುತ್ತಿತ್ತು; ಬಿಸಿನೀರು ಕುಡಿಯಬಾರದಾ ಎಂಬ ಮಾತು ಬಾಯಿಯವರೆಗೆ ಬಂದು ನಿಲ್ಲುತ್ತಿತ್ತು. ಕುಚ್ಚಿನ ಕೆಲಸ ಬೇರೆ ಒಬ್ಬಳಿಗೆ ಹೋಯಿತು. ಅವಳು ಕಟ್ಟಿದ ಕುಚ್ಚು ದನ ಕಟ್ಟುವ ಹಗ್ಗದ ಗಂಟಿನ ಹಾಗಿತ್ತು. ಮದುಮಗಳ ತಾಯಿಯೊಬ್ಬರು ಅಂಗಡಿಗೇ ಬಂದು ಸೆರಗು ಬಿಡಿಸಿ ತೋರಿಸಿದರು. ಗುರುವಪ್ಪ ಧಣಿಗಳು, "ಸೀತು, ಆ ಬ್ಯಾರ್ದಿ ನೆಬೀಸಳಿಗೆ ಎಂತ ಆಯ್ತು? ಅವಳ ಕೈ ಚಂದ ಇತ್ತಲ್ಲ" ಎಂದರು.

"ಕೈ ಚಂದ ಇದ್ದರೆ ಸಾಲದು ಧಣಿ" ಎಂದು ಸೀತಕ್ಕ ಹೇಳಿದಳು. ಸಂಜೆ ಜಗಲಿಯಲ್ಲಿ ಒಬ್ಬಳೇ ನೂಲಿನ ಉಂಡೆ ಹಿಡಿದು ಕೂತಾಗ, ಕೇಳಲು ಯಾರೂ ಇಲ್ಲದೆ ಎರಡು ಕೆಂಪುಗಳ ನಡುವೆ ಬಹಳ ಹೊತ್ತು ಸಿಕ್ಕಿಬೀಳುತ್ತಿದ್ದಳು.

ಡಬ್ಬಿಯ ಜೇಡಕ್ಕೂ ಹಳೆಯ ಸಲಿಗೆ ಸಿಗಲಿಲ್ಲ. ರೋಸಿ ಎಂದು ಕರೆಯುವುದಿಲ್ಲ ಎಂದು ತೀರ್ಮಾನಿಸಿ ಅವಳು ಅದನ್ನು "ಬಾಡಿಗೆಯವಳು" ಎಂದು ಕರೆದಳು. "ನೀನು ಯಾರ ಮನೆಯವಳೋ ಏನೋ, ತಿನ್ನು" ಎಂದು ಜಿರಳೆ ಹಾಕುತ್ತಿದ್ದಳು. ಅಸಲಿ ರೋಸಿ ಯಾರ ಮನೆಯ ಮೇಜಿನ ಮೇಲೆ ಇರಬಹುದು ಎಂದು ಯೋಚಿಸುತ್ತಿದ್ದಳು. ಅಸಲಿ ರೋಸಿ ಜಿರಳೆ ತಿನ್ನುತ್ತಾ ಎದುರಿಗೇ ಇದ್ದಳು.

ಬೇಸಗೆ ಬರುವಾಗ ಇನ್ನೊಂದು ಸುದ್ದಿ ಬಂತು. ಲೈನ್ ಮನೆಗಳ ಯಜಮಾನರು ಜಾಗ ಮಾರಿದ್ದಾರೆ, ಮನೆ ಬೀಳಿಸಿ ಕಾಂಪ್ಲೆಕ್ಸ್ ಕಟ್ಟುತ್ತಾರೆ, ಮಳೆ ಹಿಡಿಯುವ ಮೊದಲು ಎಲ್ಲರೂ ಬಿಡಬೇಕು. ಸೀತಕ್ಕ ಸವಣೂರು ಪೇಟೆಯಲ್ಲಿ ಮಹಡಿಯ ಮೇಲೊಂದು ಕೋಣೆ ನೋಡಿಕೊಂಡಳು; ಅಲ್ಲಿಂದ ಪುತ್ತೂರಿಗೆ ಬಸ್ಸು ಉಂಟು. ನೆಬೀಸ ಮಗಳ ಮನೆಗೆ ಉಪ್ಪಿನಂಗಡಿಗೆ ಹೋಗುತ್ತಾಳಂತೆ ಎಂದು ದುಗ್ಗಮ್ಮ ಹೇಳಿದಳು.

"ಹೋಗಲಿ" ಎಂದಳು ಸೀತಕ್ಕ.

"ಹೋಗಲಿ ಅಂತ ನೀವು ಹೇಳಬೇಕಾ? ಹೋಗ್ತಾಳೆ. ಆಮೇಲೆ ಗೋಡೆಯೂ ಇಲ್ಲ, ಮಾತು ಬಿಡ್ಲಿಕ್ಕೆ ಜನವೂ ಇಲ್ಲ" ಎಂದು ದುಗ್ಗಮ್ಮ ಪೊರಕೆ ಝಾಡಿಸಿದಳು.

ಆ ದಿನಗಳಲ್ಲೇ ಬಾಡಿಗೆಯವಳು ತಿನ್ನುವುದನ್ನು ಬಿಟ್ಟಳು. ಬಲೆಯ ಚೀಲದ ಬಾಯನ್ನು ಹೊಲಿದುಕೊಂಡು ಒಳಗೆ ಸೇರಿದಳು. ಅಂಗಡಿಗೆ ರಜೆಯಿದ್ದ ಒಂದು ಬೆಳಿಗ್ಗೆ ಸೀತಕ್ಕ ಡಬ್ಬಿಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದರೆ, ಚೀಲದೊಳಗೆ ಅದು ಅಂಗಾತ ಬಿದ್ದಿತ್ತು, ಕಾಲುಗಳೆಲ್ಲ ಮೇಲೆ.

"ಸತ್ತಿತು" ಎಂದುಕೊಂಡಳು. ಸತ್ತರೆ ನನಗೇನು, ನನ್ನದಲ್ಲವಲ್ಲ ಎಂದೂ ಅಂದುಕೊಂಡಳು. ಕಣ್ಣು ಯಾಕೋ ಮಂಜಾಯಿತು. ಕನ್ನಡಕ ಒರೆಸಿ ಮತ್ತೆ ನೋಡುವಾಗ ಹೆಣ ಅಲುಗಿತು.

ಬೆನ್ನಿನ ಚಿಪ್ಪು ಮುಚ್ಚಳದ ಹಾಗೆ ಬಿಚ್ಚಿಕೊಂಡಿತು. ಒಳಗಿನಿಂದ ಇನ್ನೊಂದು ಮೈ, ಒದ್ದೆ, ಮೆತ್ತಗೆ, ಮೆಲ್ಲ ಮೆಲ್ಲ ಹೊರಗೆ ಬಂತು. ಬಿಗಿ ತೋಳಿನ ರವಿಕೆ ಹಾಕಿದವಳು ಬೆವರಿದ ಮೇಲೆ ಕೈ ಎಳೆದುಕೊಳ್ಳುವ ಹಾಗೆ, ಒಂದೊಂದೇ ಕಾಲನ್ನು ಎಳೆದುಕೊಂಡಿತು. ಎಳೆದು, ದಣಿದು, ಸುಮ್ಮನಿದ್ದು, ಮತ್ತೆ ಎಳೆದು. ಸೀತಕ್ಕ ಒಲೆಯ ಮೇಲಿಟ್ಟ ಗಂಜಿ ಉಕ್ಕಿ ಹರಿದರೂ ಎದ್ದು ಹೋಗಲಿಲ್ಲ. ಕೊನೆಯ ಕಾಲು ಬಂದಾಗ ಚೀಲದಲ್ಲಿ ಎರಡು ಜೇಡ. ಒಂದು ಸತ್ತದ್ದು, ಮಾಸಲು. ಇನ್ನೊಂದು ಹೊಸತು, ಕಪ್ಪು ವೆಲ್ವೆಟ್, ಬೆನ್ನ ಮೇಲೆ ಬದನೆಯ ಬಣ್ಣದ ಮಿಂಚು.

ಕಣ್ಣಾರೆ ಕಾಣದೆ ಇದ್ದಿದ್ದರೆ ಯಾರೋ ಇನ್ನೊಂದು ತಂದು ಹಾಕಿದ್ದಾರೆ ಎಂದೇ ಅವಳು ಹೇಳುತ್ತಿದ್ದಳು. ಆಣೆ ಹಾಕಿಯೂ ಹೇಳುತ್ತಿದ್ದಳು.

ಆಮೇಲೆ ಅವಳು ಕಾಲ ತುದಿಯನ್ನು ನೋಡಿದಳು. ಈರುಳ್ಳಿ ಬಣ್ಣ. ಅದೇ. ಹೊರಸಿಪ್ಪೆ ತೆಗೆದ ಮೇಲಿನದ್ದು. ಅದು ಹೊಸದಾಗಿ ಬಂದದ್ದಲ್ಲ, ತಾನು ಇಚಿಲಂಪಾಡಿಯಿಂದ ವಾಪಸು ಬಂದ ದಿನವೂ ಅಲ್ಲೇ ಇತ್ತು. ಬೇರೆ ಬೇರೆ ಎಂದು ಕೂಗುವ ಅವಸರದಲ್ಲಿ ಅವಳು ಬರೀ ಪಿಂಕ್ ಎಂದಿದ್ದಳು, ಯಾವ ಪಿಂಕ್ ಎಂದು ಹಿಡಿದು ನೋಡಿಯೇ ಇರಲಿಲ್ಲ. ಅಂಗಡಿಯ ಹೊಸ ಹುಡುಗಿಯರು ಮಾಡಿದ್ದರೆ ಅವಳೇ ತಲೆಗೆ ಮೊಟಕುತ್ತಿದ್ದ ತಪ್ಪು.

ಹಾಗಾದರೆ ಅಂದೂ ಪೊರೆ ಇತ್ತು. ನೆಬೀಸ ಯಾಕೆ ಇಲ್ಲ ಎಂದಳು? ಸೀತಕ್ಕ ಇಕ್ಕಳದಿಂದ ಒಣಗಿದ ಅಂಗಿಯನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿದಳು. ಕಾಲು ಮುದುಡಿದ ಜೇಡದ ಹೆಣ, ಸಾಕ್ಷಾತ್ತು. ಆಗ ಅವಳಿಗೆ, "ಮೊದಲು ಕೂತ್ಕೊಳ್ಳಿ, ಒಂದು ಮಾತು ಹೇಳ್ಲಿಕ್ಕುಂಟು" ಎಂದಿದ್ದ ನೆಬೀಸಳ ಮುಖ ನೆನಪಾಯಿತು.

ಎದ್ದು ಪಕ್ಕದ ಮನೆಗೆ ಹೋಗಲು ಚಪ್ಪಲಿಯೂ ಬೇಡ. ಆದರೂ ಅವಳು ಅಂದು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ತಪ್ಪಾಯಿತು ಎಂದು ಹೇಳುವುದು ಅಷ್ಟು ದೊಡ್ಡದಲ್ಲ. ಏನು ತಪ್ಪಿತು ಎಂದು ಹೇಳಬೇಕಲ್ಲ, ಅದು ದೊಡ್ಡದು. ವರನನ್ನು ಬಿಟ್ಟದ್ದು ಈ ಕಣ್ಣಿನ ಮಾತು ಕೇಳಿ. ಧಣಿಗಳ ಎದುರು ಇಷ್ಟು ವರ್ಷ ತಲೆ ಎತ್ತಿ ನಿಂತದ್ದು ಈ ಕಣ್ಣಿನ ಬಲದಲ್ಲಿ. ಹೊಸ ಹುಡುಗಿಯರು ಮೊಬೈಲಿನಲ್ಲಿ ಸೀರೆಯ ಫೋಟೋ ಹಿಡಿದು ಬಣ್ಣ ಹುಡುಕುವ ಕಾಲದಲ್ಲೂ ಅವಳ ಕೆಲಸ ಉಳಿದದ್ದು ಇದರಿಂದ. ನೆಬೀಸಳಿಗೆ ಹೇಳಿದರೆ ದುಗ್ಗಮ್ಮನಿಗೆ ಕೇಳುತ್ತದೆ, ದುಗ್ಗಮ್ಮನಿಗೆ ಕೇಳಿದ್ದು ಪೇಟೆಗೆ ನಡೆದುಕೊಂಡು ಹೋಗುತ್ತದೆ. ಹೇಳದಿದ್ದರೆ ನೆಬೀಸ ಉಪ್ಪಿನಂಗಡಿಗೆ ಹೋಗುತ್ತಾಳೆ, ಕಳ್ಳಿ ಎನಿಸಿಕೊಂಡೇ.

ಅದೇ ವಾರ ಅಂಗಡಿಯಲ್ಲಿ ಒಬ್ಬರು ಹಸಿರು ಸೀರೆ ತಂದಾಗ ಸೀತಕ್ಕ ಎಂದೂ ಮಾಡದ ಕೆಲಸ ಮಾಡಿದಳು. ಸೀರೆಯನ್ನು ಬೀದಿಯ ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದಳು. ಗುರುವಪ್ಪ ಧಣಿಗಳು ಲೆಕ್ಕ ಬಿಟ್ಟು ತಲೆ ಎತ್ತಿದರು. "ಕಣ್ಣಿಗೆ ಎಂತ ಆಯ್ತು ಸೀತು?"

"ಎಂತ ಇಲ್ಲ ಧಣಿ. ಧೂಳು."

ಮನೆ ಬಿಡುವ ದಿನ ಬಂತು. ನೆಬೀಸಳ ಸಾಮಾನು ಹೊತ್ತ ಪಿಕಪ್ ಬೆಳಿಗ್ಗೆಯೇ ಹೋಗಿತ್ತು. ಅವಳು ಬಸ್ಸಿಗೆ ಹೋಗುವವಳು, ಬುರ್ಖಾ ಹಾಕಿ ಕೈಚೀಲ ಹಿಡಿದು ಅಂಗಳಕ್ಕೆ ಇಳಿದಿದ್ದಳು. ಸೀತಕ್ಕನ ಸಾಮಾನೂ ಹೋಗಿ ಆಗಿತ್ತು. ಅವಳಿಗಾಗಿ ಆಟೋ ಗೇಟಿನ ಹೊರಗೆ ನಿಂತಿತ್ತು. ಉಳಿದವರೂ ಗಂಟುಮೂಟೆ ಕಟ್ಟುತ್ತಾ ಅಂಗಳದಲ್ಲೇ ಇದ್ದರು. ಸೀತಕ್ಕ ಖಾಲಿ ಮನೆಯೊಳಗಿಂದ ನೋಡಿದಳು, ಜೇಡದ ಅಂಗಿಯನ್ನಿಟ್ಟ ಸಣ್ಣ ಕುಂಕುಮದ ಭರಣಿ ತೆಗೆದುಕೊಂಡಳು, ಹೊರಗೆ ಬಂದು ನೆಬೀಸಳ ಎದುರು ನಿಂತಳು. ಮುಚ್ಚಳ ತೆಗೆದು ಹಿಡಿದಳು.

ನೆಬೀಸ ಬಗ್ಗಿ ನೋಡಿದಳು. "ಯಾ ಅಲ್ಲಾ! ಇದೂ ಸತ್ತಿತಾ?"

"ಇದೂ ಅಂದರೆ? ಇನ್ನು ಯಾವುದು ಸತ್ತದ್ದು?"

ಇಷ್ಟು ತಿಂಗಳು ಕಟ್ಟಿಟ್ಟದ್ದು ಒಡೆಯಿತು. ನೆಬೀಸ ಚೀಲ ಕೆಳಗಿಟ್ಟು ಅತ್ತಳು. "ನಿಮ್ಮ ರೋಸಿ ಸೀತಕ್ಕ. ನಾನು ಮುಚ್ಚಳ ಸರಿ ಹಾಕ್ಲಿಲ್ಲ ಕಾಣ್ತದೆ. ಯಾವುದೋ ಕಾಡಿಂದು ಒಳಗೆ ಬಂದು ಕೊಂದುಹಾಕಿತು. ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿದ್ದೇನೆ. ಹೇಳುವಾ ಅಂತ ಇದ್ದೆ. ನೀವು ಮಾರಿದ್ದು ಅಂದ್ರಿ. ಮಾರಿದವಳು ಅಂದ ಮೇಲೆ ಕೊಂದವಳು ಅಂತ ಹೇಳಿ ಎಂತ ಪ್ರಯೋಜನ?"

"ಅದು ಸತ್ತದ್ದಲ್ಲ ಮಾರಾಯ್ತಿ. ಅಂಗಿ. ಬಿಚ್ಚಿ ಹಾಕಿದ ಅಂಗಿ. ಇದೂ ಅದೇ. ಒಳಗೆ ಡಬ್ಬಿಯಲ್ಲಿ ಇರುವವಳೇ ರೋಸಿ, ಅವತ್ತಿಂದಲೂ."

ನೆಬೀಸ ಕಣ್ಣೊರೆಸಿಕೊಂಡು ಅವಳನ್ನು ನೋಡಿದಳು. ಮರುಕದಿಂದ ನೋಡಿದಳು. "ನನ್ನ ಸಮಾಧಾನಕ್ಕೆ ಹೇಳುದು ಬೇಡ ಸೀತಕ್ಕ."

"ಸಮಾಧಾನಕ್ಕಲ್ಲ. ನಾನು ಕೂತು ನೋಡಿದ್ದೇನೆ."

"ಅವತ್ತೂ ನೀವೇ ನೋಡಿ ಹೇಳಿದ್ದು, ಇದು ಬೇರೆ ಅಂತ. ನಾನೂ ನೋಡಿದ್ದೇನೆ, ಬೇರೆಯೇ. ನಿಮ್ಮ ಕಣ್ಣು ತಪ್ಪುದುಂಟಾ?"

"ತಪ್ಪಿತು."

"ಇಲ್ಲ, ಹಾಗೆಲ್ಲ ಹೇಳ್ಬೇಡಿ. ನಿಮ್ಮ ಕಣ್ಣು ತಪ್ಪುದಿಲ್ಲ."

ನೋಡಿ, ಎಂಥ ಸಂಕಟ. ಹೊರಿಸಿದ ಕಳ್ಳತನವನ್ನು ಇಷ್ಟು ತಿಂಗಳು ಹೊತ್ತವಳಿಗೆ ಸೀತಕ್ಕನ ಕಣ್ಣಿನ ಮೇಲೆ ಮಾತ್ರ ಒಂದು ಕೂದಲಷ್ಟೂ ಸಂಶಯ ಬಂದಿರಲಿಲ್ಲ. ತನ್ನ ಮಾತನ್ನು ಸಾಧಿಸಲು ಊರಲ್ಲಿ ಎಷ್ಟೋ ಜನರೊಂದಿಗೆ ಜಗಳವಾಡಿದ ಸೀತಕ್ಕ ಈಗ ತನ್ನ ಮಾತು ಸುಳ್ಳು ಎಂದು ಸಾಧಿಸಲು ಜಗಳಕ್ಕೆ ನಿಂತಳು.

"ತಪ್ಪಿತು ಅಂತ ಹೇಳಿದೆನಲ್ಲ! ನನ್ನ ಕಣ್ಣು ನನಗೆ ಗೊತ್ತಾ, ನಿನಗೆ ಗೊತ್ತಾ? ಬಣ್ಣ ನೋಡ್ಲಿಕ್ಕೆ ನನಗೆ ಬರ್ಲಿಲ್ಲ! ಎದುರಿಗೇ ಇದ್ದ ಆನಿಯನ್ ಪಿಂಕ್ ಗುರುತು ಸಿಗ್ಲಿಲ್ಲ ನನಗೆ!"

ದುಗ್ಗಮ್ಮನ ಕೈಯಿಂದ ತಪ್ಪಲೆ ಜಾರಿತು. ಗಂಟು ಕಟ್ಟುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಗೇಟಿನ ಹೊರಗೆ ಆಟೋದವನೂ ತಲೆ ಹೊರಹಾಕಿದ. ಹೋಗಬೇಕಾದ ಮಾತು ಪೇಟೆಗೆ ಹೋಗಿ ಆಯಿತು.

"ಬಾ" ಎಂದು ಸೀತಕ್ಕ ನೆಬೀಸಳನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ಕರಿಬೇವಿನ ಬುಡದಲ್ಲಿ ಕೂತಳು. ಯಾರೂ ಕೇಳದೆಯೇ ದುಗ್ಗಮ್ಮ ಕತ್ತಿ ತಂದುಕೊಟ್ಟಳು. ಮಣ್ಣು ಅಗೆದರೆ ರೇಷ್ಮೆಯ ತುಂಡು, ತುಂಡಿನೊಳಗೆ ಪುಡಿಪುಡಿಯಾಗುತ್ತಿದ್ದ ಜೇಡ. ಸೀತಕ್ಕ ಉಗುರಿನಿಂದ ಅದರ ಹೊಟ್ಟೆಯನ್ನು ಬಿಡಿಸಿದಳು. ಒಳಗೆ ಏನೂ ಇಲ್ಲ. ಕಾಲನ್ನು ಮುರಿದಳು. ಕೊಳವೆ, ಟೊಳ್ಳು.

"ನೋಡು. ಸತ್ತದ್ದಾದರೆ ಒಳಗೆ ಎಂತಾದರೂ ಬೇಡವಾ?"

ನೆಬೀಸ ಆ ಕೊಳವೆಯನ್ನು ಕೈಗೆ ತೆಗೆದುಕೊಂಡು ನೋಡಿದಳು. ಅವಳ ಮುಖದ ಮೇಲೆ ಮೊದಲು ಸಮಾಧಾನ ಬಂತು. ಹಿಂದೆಯೇ ಸಿಟ್ಟು ಬಂತು.

"ಹಾಗಾದರೆ ನಾನು ಇಷ್ಟು ತಿಂಗಳು ಅತ್ತದ್ದು ಒಂದು ಹಳೆ ಅಂಗಿಗಾ?"

"ಹೌದು."

"ನಮಾಜಿನಲ್ಲಿ ದಿನಾ ಬೇಡಿಕೊಂಡದ್ದು?"

"ಅದೂ ಅಂಗಿಗೇ."

"ಒಳಗೆ ಕೂತು ಜಿರಳೆ ತಿಂದವಳು?"

"ಅವಳಿಗೆ ಎಂತ ಆಗ್ಬೇಕು? ದಪ್ಪ ಆಗಿದ್ದಾಳೆ."

ನೆಬೀಸಳಿಗೆ ನಗು ಬಂತು. ನಗಬಾರದು ಎಂದು ತುಟಿ ಕಚ್ಚಿದಳು. "ನನ್ನನ್ನು ಕಳ್ಳಿ ಅಂದದ್ದು ಇರಲಿ ಸೀತಕ್ಕ. ಅದ್ದುವನ್ನೂ ಅಂದ್ರಿ. ಅವನು ಇವತ್ತಿಗೂ ನಿಮ್ಮ ಅಂಗಡಿಯ ಎದುರಿನಿಂದ ಬರುದಿಲ್ಲ, ಸುತ್ತು ಹಾಕಿ ಹೋಗುದು. ಅವನಿಗೆ ಯಾರು ಹೇಳುದು?"

"ನಾನೇ ಹೇಳ್ತೇನೆ."

"ಯಾವಾಗ?"

ಸೀತಕ್ಕ ಎದ್ದು ಕೈಯ ಮಣ್ಣು ಝಾಡಿಸಿಕೊಂಡು ಮನೆಯೊಳಗೆ ಹೋದಳು. ಖಾಲಿ ಕೋಣೆಯಲ್ಲಿ ಕಿಟಕಿಯ ಕೆಳಗೆ ಡಬ್ಬಿಯೊಂದೇ ಉಳಿದಿತ್ತು. ಅದನ್ನು ಎದೆಗೆ ಒತ್ತಿಕೊಂಡು ಹೊಸಿಲು ದಾಟಿದಳು. ಬಾಗಿಲನ್ನು ಎಳೆದುಕೊಳ್ಳಲು ಹೋಗಿ, ಬೀಳಿಸುವ ಮನೆಗೆ ಬಾಗಿಲು ಯಾಕೆ ಎಂದು ಬಿಟ್ಟಳು. ದುಗ್ಗಮ್ಮ ಅವಳ ಸೆರಗಿನ ಮಣ್ಣನ್ನು ಕೊಡವಿದಳು.

ಆಟೋದವನು ಕೇಳಿದ, "ಸವಣೂರಿಗಲ್ವಾ ಅಕ್ಕ?"

"ಸವಣೂರು ಆಮೇಲೆ. ಮೊದಲು ಸಂತೆಗೆ ಹೋಗು. ಹಕ್ಕಿ ಮಾರುವಲ್ಲಿ ನಿಲ್ಲಿಸು."

ಆಟೋ ಸದ್ದು ಮಾಡುವಷ್ಟರಲ್ಲಿ ನೆಬೀಸ ಚೀಲ ಎತ್ತಿಕೊಂಡು ಓಡಿಬಂದು ಒಳಗೆ ತೂರಿದಳು. "ಸ್ವಲ್ಪ ಆಚೆ ಸರಿಯಿರಿ. ನೀವು ಅವನಿಗೆ ಹೇಳುವಾಗ ನಾನು ಕೇಳ್ಬೇಕು."

"ಬಸ್ಸು ತಪ್ಪುದಿಲ್ಲವಾ?"

"ತಪ್ಪಲಿ. ಉಪ್ಪಿನಂಗಡಿಗೆ ಒಂದೇ ಬಸ್ಸಾ?" ಎಂದು ನೆಬೀಸ ಕೈ ಚಾಚಿದಳು. "ಅದನ್ನು ಇಲ್ಲಿ ಕೊಡಿ. ರಸ್ತೆಯ ಗುಂಡಿಯಲ್ಲಿ ಅಲ್ಲಾಡ್ತದೆ, ನಿಮಗೆ ಹಿಡಿಯಲಿಕ್ಕೆ ಗೊತ್ತಿಲ್ಲ."

ಸೀತಕ್ಕ ಡಬ್ಬಿಯನ್ನು ಕೊಟ್ಟಳು. ನೆಬೀಸ ಬಿಸ್ಮಿ ಹೇಳಿ ಅದನ್ನು ಮಡಿಲಲ್ಲಿಟ್ಟುಕೊಂಡು, ಮುಚ್ಚಳದ ಮೇಲೆ ಅಂಗೈ ಒತ್ತಿ ಹಿಡಿದಳು. ಆಟೋ ಗೇಟಿನಿಂದ ಹೊರಬಿದ್ದು ಪೇಟೆಯ ಕಡೆಗೆ ತಿರುಗಿತು.